ಟ್ಯೂಬಿಂಗನ್ನಿಗೆ ಹೊರಟ ಮಕ್ಕಳಿಗೆ

ಬರುವ ಅಕ್ಟೋಬರಿನಲ್ಲಿ ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯಕ್ಕೆ ಒಂದು ಸೆಮಿಸ್ಟರಿನ ಮಟ್ಟಿಗೆ ಹೊರಟಿರುವ ಹುಡುಗಿಯೊಬ್ಬಳು ಮೊನ್ನೆ ಮನೆಗೆ ಬಂದಿದ್ದಳು. ನಮಸ್ಕಾರ ಮಾಡಿ, ಕಾಫಿ ಕುಡಿದು, ಮೊಬೈಲಿನಲ್ಲಿ ಒಂದು ಪಟ್ಟಿ ತೋರಿಸಿದಳು. ಪ್ಯಾರಿಸ್, ಜ್ಯೂರಿಕ್, ವೆನಿಸ್, ಪ್ರಾಗ್, ಆಮ್‌ಸ್ಟರ್‌ಡ್ಯಾಮ್. ಯಾವ ಶನಿವಾರ ಯಾವ ಊರು, ಯಾವ ರಾತ್ರಿ ಯಾವ ಬಸ್ಸು, ಎಲ್ಲವೂ ಅಚ್ಚುಕಟ್ಟು. ಟ್ಯೂಬಿಂಗನ್ ಮಾತ್ರ ಆ ಪಟ್ಟಿಯಲ್ಲಿ ಇರಲಿಲ್ಲ. ಕೇಳಿದೆ. “ಅಲ್ಲೇ ಇರ್ತೀನಲ್ಲ ಸರ್, ಅದನ್ನ ಯಾವಾಗ ಬೇಕಾದ್ರೂ ನೋಡಬಹುದು” ಎಂದಳು. ಅವಳಿಗೆ ಅಂದು ಹೇಳಿದ್ದನ್ನೇ, ಹಾಗೆ ಹೊರಟುನಿಂತಿರುವ ನಿಮಗೆಲ್ಲ ಹೇಳುತ್ತೇನೆ. ಹೊರಡುವ ಮುಂಚೆ ನನಗೆ ಇದನ್ನು ಹೇಳುವವರು ಯಾರೂ ಇರಲಿಲ್ಲ.

ಹಲವು ವರ್ಷಗಳ ಹಿಂದೆ ಹನ್ನೆರಡು ವಿದ್ಯಾರ್ಥಿಗಳನ್ನು ಕರೆದುಕೊಂಡು ಮೂರು ವಾರದ ವಿನಿಮಯ ಭೇಟಿಗೆ ನಾನು ಅದೇ ಊರಿಗೆ ಹೋಗಿದ್ದೆ. ಬೆಳಿಗ್ಗೆ ಪಾಠ, ಬಿಡುವು ಸಿಕ್ಕರೆ ಬಸ್ಸು. ಸ್ಟುಟ್‌ಗಾರ್ಟಿನ ಕಾರುಗಳ ಮ್ಯೂಸಿಯಂ ಆಯಿತು, ರೈನ್ ಜಲಪಾತ ಆಯಿತು, ಪ್ಯಾರಿಸ್ಸಿನಲ್ಲಿ ಒಂದೂವರೆ ದಿನ ಓಡಾಡಿದ್ದಾಯಿತು. ಮರಳಿ ಹೊರಡುವ ದಿನ ಬೆಳಿಗ್ಗೆ ಅಲ್ಲಿಯ ಹಿರಿಯ ಪ್ರಾಧ್ಯಾಪಕರೊಬ್ಬರು ಬೀಳ್ಕೊಡಲು ಬಂದವರು, “ನೀವು ಕನ್ನಡ ಕಲಿಸುವವರಲ್ಲವೇ? ಕಿಟೆಲ್ ಕೊನೆಯ ದಿನಗಳನ್ನು ಕಳೆದದ್ದು ಇಲ್ಲೇ. ಎಲ್ಲೆಲ್ಲಿ ಹೋಗಿ ನೋಡಿದಿರಿ?” ಎಂದು ಕೇಳಿದರು. ಉತ್ತರ ಕೊಡಲು ನನ್ನಲ್ಲಿ ಏನೂ ಇರಲಿಲ್ಲ. ಮೂವತ್ತು ವರ್ಷ ಆ ಮಹಾನುಭಾವನ ನಿಘಂಟು ಮೇಜಿನ ಮೇಲಿಟ್ಟುಕೊಂಡು ಪಾಠ ಮಾಡಿದವನು, ಅವನು ನಡೆದಾಡಿದ ಊರಿನಲ್ಲಿ ಮೂರು ವಾರ ಇದ್ದು, ಒಂದು ಸಂಜೆಯನ್ನೂ ಅವನ ಹೆಸರಿನಲ್ಲಿ ತೆಗೆದಿಡಲಿಲ್ಲ. ಒಂದು ಗಂಟೆಯಲ್ಲಿ ನಮ್ಮ ರೈಲು ಹೊರಟಿತು. ಆ ಬೆಳಗಿನ ನೋವು ಇಂದಿಗೂ ಆರಿಲ್ಲ.

ಕಿಟೆಲ್ ಯಾರು ಎಂದು ನಿಮ್ಮಲ್ಲಿ ಕೆಲವರಿಗಾದರೂ ಹೇಳಬೇಕಾದೀತು. ಫರ್ಡಿನಾಂಡ್ ಕಿಟೆಲ್ ಹುಟ್ಟಿದ್ದು 1832ರಲ್ಲಿ, ಉತ್ತರ ಜರ್ಮನಿಯ ಕಡಲ ದಂಡೆಯ ಸೀಮೆಯಲ್ಲಿ. ಬಾಸೆಲ್ ಮಿಷನ್ನಿನ ಕೆಲಸಕ್ಕಾಗಿ 1853ರಲ್ಲಿ ನಮ್ಮ ನಾಡಿಗೆ ಬಂದಾಗ ವಯಸ್ಸು ಇಪ್ಪತ್ತೊಂದು, ಹೆಚ್ಚುಕಡಿಮೆ ನಿಮ್ಮದೇ ವಯಸ್ಸು. ಧಾರವಾಡ, ಮಂಗಳೂರು, ಮಡಿಕೇರಿ ಎಂದು ತಿರುಗಿ, ರೈತರ ಬಾಯಿಂದ, ಪಂಡಿತರ ಓಲೆಗರಿಯಿಂದ ಶಬ್ದಗಳನ್ನು, ಗಾದೆಗಳನ್ನು ಹೆಕ್ಕಿ, 1894ರಲ್ಲಿ ಸುಮಾರು 70,000 ಶಬ್ದಗಳ ಕನ್ನಡ ಇಂಗ್ಲಿಷ್ ನಿಘಂಟನ್ನು ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಕೇಶಿರಾಜನ ಶಬ್ದಮಣಿದರ್ಪಣವನ್ನೂ ನಾಗವರ್ಮನ ಛಂದೋಂಬುಧಿಯನ್ನೂ ಶೋಧಿಸಿ ಪ್ರಕಟಿಸಿದರು. ಆ ದುಡಿಮೆಗೆ ಗೌರವ ಡಾಕ್ಟರೇಟ್ ಕೊಟ್ಟದ್ದು ಟ್ಯೂಬಿಂಗನ್ ವಿಶ್ವವಿದ್ಯಾಲಯ. 1903ರಲ್ಲಿ ಅವರು ಕಣ್ಮುಚ್ಚಿದ್ದು ಅದೇ ಊರಿನಲ್ಲಿ. ಅವರಿಗಿಂತ ಮೊದಲು ಅಲ್ಲಿ ಓದಿ, 1836ರಲ್ಲಿ ಮಂಗಳೂರಿಗೆ ಬಂದಿಳಿದ ಹರ್ಮನ್ ಮೋಗ್ಲಿಂಗ್, 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. ಅವರಿಗೂ ಡಾಕ್ಟರೇಟ್ ಬಂದದ್ದು ಅಲ್ಲಿಂದಲೇ.

ಇಬ್ಬರೂ ಮತಪ್ರಚಾರಕ್ಕೆಂದೇ ಬಂದವರು. ಅದನ್ನು ಮರೆಮಾಚುವ ಅಗತ್ಯವಿಲ್ಲ. ಆದರೆ ಬಂದ ನಾಡಿನ ನುಡಿಯನ್ನು ಕಲಿಯದೆ ಇಲ್ಲಿ ಒಂದು ಹೆಜ್ಜೆಯೂ ಇಡಲಾಗದು ಎಂದು ಅವರು ಮೊದಲ ದಿನವೇ ತಿಳಿದುಕೊಂಡರು. ಬಂದವರು ಕಲಿಯುತ್ತಾ ಕುಳಿತರು, ವರ್ಷಗಟ್ಟಲೆ ಕುಳಿತರು. ನೀವು ಅವರ ಊರಿಗೆ ಹೋಗುತ್ತಿರುವುದು ನಾಲ್ಕೈದು ತಿಂಗಳಿಗೆ. ಆ ನಾಲ್ಕೈದು ತಿಂಗಳನ್ನು ಹತ್ತು ಊರುಗಳಿಗೆ ಹರಿದು ಹಂಚಬೇಡಿ. ಒಂದೇ ಊರನ್ನು ಬಲ್ಲವರಾಗಿ ಬನ್ನಿ. ನಾನು ಹೇಳಬೇಕೆಂದಿರುವುದು ಇಷ್ಟೇ. ಮುಂದಿನದೆಲ್ಲ ಅದನ್ನು ಹೇಗೆ ಮಾಡುವುದು ಎಂಬ ವಿವರ.

ಊರು ದೊಡ್ಡದಲ್ಲ. ಸುಮಾರು 90,000 ಜನ. ವಿಶ್ವವಿದ್ಯಾಲಯದಲ್ಲೇ 25,000ಕ್ಕೂ ಹೆಚ್ಚು ವಿದ್ಯಾರ್ಥಿಗಳಿರುವುದರಿಂದ ಯಾವ ಬೀದಿಗೆ ಹೋದರೂ ನಿಮ್ಮ ವಾರಿಗೆಯವರೇ ಸಿಗುತ್ತಾರೆ. 1477ರಲ್ಲಿ ಎಬರ್‌ಹಾರ್ಡ್ ಎಂಬ ದೊರೆ ಕಟ್ಟಿದ ಈ ವಿದ್ಯಾಕೇಂದ್ರ ವಿಜಯನಗರ ಇನ್ನೂ ಆಳುತ್ತಿದ್ದ ಕಾಲದ್ದು. ಹೋದ ಮೊದಲ ವಾರದಲ್ಲೇ ಒಂದು ದಿನ, ಕೈಯಲ್ಲಿ ಮೊಬೈಲ್ ಹಿಡಿಯದೆ, ನೆಕರ್ ನದಿಯ ಸೇತುವೆಯಿಂದ ಕೋಟೆಯವರೆಗೆ ನಡೆದುಬಿಡಿ. ಕೆಳಗೆ ನೀರಿನಲ್ಲಿ ಉದ್ದನೆಯ ಗಳು ಊರಿ ನಡೆಸುವ ಚಪ್ಪಟೆ ದೋಣಿಗಳು ಕಾಣುತ್ತವೆ. ದಂಡೆಯ ಮೇಲೆ ಹಳದಿ ಬಣ್ಣದ ಒಂದು ಗೋಪುರ. ಅಲ್ಲಿ ನಿಲ್ಲಿ, ಬೇಗ ಹೊರಡಬೇಡಿ.

ಆ ಗೋಪುರದ ಮನೆಯಲ್ಲಿ ಕವಿ ಹ್ಯೋಲ್ಡರ್ಲಿನ್ 1807ರಿಂದ 1843ರವರೆಗೆ, ಮೂವತ್ತಾರು ವರ್ಷ, ಚಿತ್ತ ಕದಡಿದ ಸ್ಥಿತಿಯಲ್ಲಿ ಬದುಕಿದ. ವಾಸಿಯಾಗುವುದಿಲ್ಲವೆಂದು ಆಸ್ಪತ್ರೆ ಕೈಬಿಟ್ಟಾಗ ಅವನನ್ನು ಮನೆಗೆ ಕರೆತಂದವನು ಅರ್ನ್ಸ್ಟ್ ಜಿಮ್ಮರ್ ಎಂಬ ಬಡಗಿ. ಬಂಧುವಲ್ಲ, ಶ್ರೀಮಂತನೂ ಅಲ್ಲ. ಕವಿಯ ಕಾದಂಬರಿಯೊಂದನ್ನು ಓದಿ ಮೆಚ್ಚಿದ್ದ, ಅಷ್ಟೇ. ಜಿಮ್ಮರ್ ತೀರಿಕೊಂಡ ಮೇಲೆ ಅವನ ಮಗಳು ಲೊಟ್ಟೆ ಆ ಸೇವೆಯನ್ನು ಕೊನೆಯವರೆಗೆ ಮುಂದುವರಿಸಿದಳು. ನಿಮ್ಮ ಪಟ್ಟಿಯ ಐಫೆಲ್ ಗೋಪುರದ ಎತ್ತರ ಮೀಟರಿನಲ್ಲಿ ಹೇಳಬಹುದು. ಈ ಗೋಪುರದ ಎತ್ತರ ತಿಳಿಯಬೇಕಾದರೆ ಆ ಬಡಗಿಯ ಕಥೆ ಗೊತ್ತಿರಬೇಕು. ಅದನ್ನು ನಿಮಗೆ ಹೇಳುವವರು ಆ ಊರಿನವರೇ.

ಅಲ್ಲಿಂದ ಮೇಲೇರಿದರೆ 1536ರಲ್ಲಿ ಶುರುವಾದ ವಿದ್ಯಾರ್ಥಿನಿಲಯ, ‘ಶ್ಟಿಫ್ಟ್’. ಇದೇ ಹ್ಯೋಲ್ಡರ್ಲಿನ್ ಹರೆಯದಲ್ಲಿ, ಮುಂದೆ ತತ್ವಜ್ಞಾನಿಗಳಾದ ಹೆಗೆಲ್, ಶೆಲ್ಲಿಂಗ್ ಜೊತೆ ಕೋಣೆ ಹಂಚಿಕೊಂಡಿದ್ದು ಇಲ್ಲಿ. ಅದಕ್ಕೂ ಇನ್ನೂರು ವರ್ಷ ಮೊದಲು, 1589ರಲ್ಲಿ, ಕೆಪ್ಲರ್ ಎಂಬ ಬಡ ಹುಡುಗ ವಿದ್ಯಾರ್ಥಿವೇತನದ ಮೇಲೆ ಬಂದು ಸೇರಿದ. ಸೂರ್ಯ ಕೇಂದ್ರದಲ್ಲಿದ್ದಾನೆ ಎಂಬ ಕೋಪರ್ನಿಕಸ್ಸನ ವಾದವನ್ನು ಅವನು ಕೇಳಿದ್ದು ಇಲ್ಲಿಯ ಮೇಷ್ಟ್ರು ಮೆಸ್ಟ್ಲಿನ್ ಅವರಿಂದ. ಪುರಭವನದ ಗೋಡೆಯ ಮೇಲೆ 1511ರ ಖಗೋಳ ಗಡಿಯಾರ ಇದೆ. ಮಾರುಕಟ್ಟೆಯ ದಿನ ಅದರ ಕೆಳಗೆ ಸೊಪ್ಪು, ಹೂವು ಮಾರುತ್ತಾರೆ. ಹೋಲ್ಜ್‌ಮಾರ್ಕ್ಟ್ ಚೌಕದ ಪುಸ್ತಕದ ಅಂಗಡಿಯಲ್ಲಿ 1895ರಿಂದ ನಾಲ್ಕು ವರ್ಷ ಕೆಲಸ ಮಾಡಿದ ಹುಡುಗ, ಮುಂದೆ ಕಾದಂಬರಿಕಾರನಾದ ಹರ್ಮನ್ ಹೆಸ್ಸೆ. ಅವನ ತಾಯಿ ಹುಟ್ಟಿದ್ದು ನಮ್ಮ ಪಕ್ಕದ ತಲಶ್ಶೇರಿಯಲ್ಲಿ, ತಾತ ಗುಂಡರ್ಟ್ ಮಲಯಾಳಕ್ಕೆ ನಿಘಂಟು ಕೊಟ್ಟವರು. ನೋಡಿ, ಎಲ್ಲಿಂದ ಎಲ್ಲಿಗೆ ದಾರಿ.

ವಿಜ್ಞಾನ ಓದುವ ಮಕ್ಕಳು ಕೋಟೆಯ ಒಳಗಿನ ಹಳೆಯ ಪ್ರಯೋಗಾಲಯವನ್ನು ಬಿಡಲೇಬಾರದು. 1869ರಲ್ಲಿ ಫ್ರೀಡ್ರಿಖ್ ಮೀಶರ್ ಎಂಬ ಯುವಕ ಆಸ್ಪತ್ರೆಯಿಂದ ತಂದ, ಕೀವು ಅಂಟಿದ ಗಾಯದ ಬಟ್ಟೆಗಳನ್ನು ತೊಳೆದು, ಜೀವಕೋಶದ ನಡುವಿನಿಂದ ಒಂದು ಹೊಸ ವಸ್ತುವನ್ನು ಬೇರ್ಪಡಿಸಿದ. ‘ನ್ಯೂಕ್ಲೀನ್’ ಎಂದು ಕರೆದ. ಇಂದು ನಾವು ಡಿಎನ್‌ಎ ಎನ್ನುವುದು ಅದನ್ನೇ. ಆಗ ಅವನಿಗೆ ಇಪ್ಪತ್ತನಾಲ್ಕು ವರ್ಷ. ಅದೇ ಕೋಟೆಯ ವಸ್ತುಸಂಗ್ರಹಾಲಯದಲ್ಲಿ ಮ್ಯಾಮತ್ ಆನೆಯ ದಂತದಲ್ಲಿ ಕೆತ್ತಿದ ಒಂದು ಪುಟ್ಟ ಕುದುರೆ ಇದೆ, ಹೆಬ್ಬೆರಳಿನಷ್ಟು. ಸುಮಾರು 40,000 ವರ್ಷ ಹಳೆಯದು.

ಇನ್ನೊಂದು ಜಾಗಕ್ಕೂ ಹೋಗಿ, ಗಾರ್ಟನ್‌ಶ್ಟ್ರಾಸೆ ಬೀದಿಗೆ. ಅಲ್ಲಿ ಯೆಹೂದಿಗಳ ಪ್ರಾರ್ಥನಾಮಂದಿರ ಇತ್ತು. 1938ರ ನವೆಂಬರಿನ ಒಂದು ರಾತ್ರಿ ನಾಜಿಗಳು ಅದಕ್ಕೆ ಬೆಂಕಿಯಿಟ್ಟರು. ಈಗ ಅಲ್ಲಿ ಒಂದು ಸ್ಮಾರಕ ಇದೆ. ಇಷ್ಟು ಓದಿದ, ಇಷ್ಟು ತತ್ವಜ್ಞಾನಿಗಳನ್ನು ಬೆಳೆಸಿದ ಊರಿನಲ್ಲೂ ಇದು ನಡೆಯಿತು. ಊರು ಅದನ್ನು ಮುಚ್ಚಿಡದೆ ಹಾದುಹೋಗುವವರ ಕಣ್ಣಿಗೆ ಬೀಳುವಂತೆ ಇಟ್ಟಿದೆ. ಫೋಟೋ ತೆಗೆಯದೆ ಐದು ನಿಮಿಷ ನಿಂತು ಬನ್ನಿ.

ತರಗತಿಯ ವಿಷಯ. ವೇಳಾಪಟ್ಟಿಯಲ್ಲಿ ಹತ್ತು ಗಂಟೆ ಎಂದು ಬರೆದು ಪಕ್ಕದಲ್ಲಿ ‘ಸಿ.ಟಿ.’ ಎಂದಿದ್ದರೆ ಪಾಠ ಶುರುವಾಗುವುದು ಹತ್ತೂಕಾಲಕ್ಕೆ, ಅಲ್ಲಿಯ ಹಳೆಯ ಸಂಪ್ರದಾಯ. ಹತ್ತೂಕಾಲು ಎಂದರೆ ಹತ್ತೂಕಾಲು, ಹತ್ತೂ ಇಪ್ಪತ್ತಲ್ಲ. ಉಪನ್ಯಾಸ ಮುಗಿದಾಗ ಬೆರಳ ಗೆಣ್ಣಿನಿಂದ ಮೇಜು ಕುಟ್ಟುತ್ತಾರೆ, ಅದು ಚಪ್ಪಾಳೆ. ಸೆಮಿನಾರಿನಲ್ಲಿ ಮೇಷ್ಟ್ರ ಮಾತನ್ನು ವಿದ್ಯಾರ್ಥಿ ಎದುರೆದುರೇ ಒಪ್ಪದಿದ್ದಾಗ ಗಾಬರಿಯಾಗಬೇಡಿ. ಅದು ಅಗೌರವ ಅಲ್ಲ. ನಿಮ್ಮ ಸರದಿ ಬಂದಾಗ ನೀವೂ ಬಾಯಿ ಬಿಡಿ. ನಮ್ಮ ಮಕ್ಕಳು ಪರೀಕ್ಷೆಯಲ್ಲಿ ಮೇಲುಗೈ, ಪ್ರಶ್ನೆ ಕೇಳುವಾಗ ತಲೆ ತಗ್ಗಿಸುತ್ತಾರೆ. ಇದನ್ನು ಕಂಡು ನಾನು ಬಹಳ ಸಂಕಟಪಟ್ಟಿದ್ದೇನೆ. ಅದರಲ್ಲಿ ನಿಮ್ಮ ತಪ್ಪಿಗಿಂತ ನಮ್ಮಂಥ ಮೇಷ್ಟ್ರುಗಳ ತಪ್ಪೇ ಹೆಚ್ಚು.

ಭಾಷೆಯನ್ನು ಕಲಿಯಿರಿ. ಇಂಗ್ಲಿಷಿನಲ್ಲಿ ಎಲ್ಲ ನಡೆಯುತ್ತದೆ ಎಂದು ಹೋಗಿಬಂದವರು ಹೇಳಿಯಾರು. ಪಾಠ ನಡೆಯುತ್ತದೆ, ಬದುಕು ನಡೆಯುವುದಿಲ್ಲ. ನೀವು ಪುಸ್ತಕದಿಂದ ಕಲಿತ ಜರ್ಮನ್ನಿಗೂ ಅಲ್ಲಿಯ ಶ್ವಾಬ್ ಸೀಮೆಯ ಆಡುಮಾತಿಗೂ, ಪಠ್ಯದ ಕನ್ನಡಕ್ಕೂ ಧಾರವಾಡದ ಕನ್ನಡಕ್ಕೂ ಇರುವಷ್ಟು ಅಂತರ ಇದೆ. ಬ್ರೆಡ್ಡಿನ ಅಂಗಡಿಯ ಅಜ್ಜಿಗೆ “ಗ್ರ್ಯೂಸ್ ಗಾಟ್” ಎಂದು ನಮಸ್ಕಾರ ಹೇಳಿ ಒಳಗೆ ಹೋಗಿ. ದಿನಕ್ಕೆ ಐದು ಶಬ್ದ ಒಂದು ನೋಟುಪುಸ್ತಕದಲ್ಲಿ ಬರೆದಿಡಿ. ಕಿಟೆಲ್ ಶುರು ಮಾಡಿದ್ದೂ ಒಂದೊಂದೇ ಶಬ್ದದಿಂದ.

ನೀವು ಇರುವ ಮನೆಯಲ್ಲಿ ‘ಕೇರ್‌ವೋಖೆ’ ಎಂಬ ಪದ್ಧತಿ ಇರಬಹುದು. ಎಲ್ಲರೂ ಬಳಸುವ ಮೆಟ್ಟಿಲು, ಅಂಗಳವನ್ನು ವಾರಕ್ಕೊಬ್ಬರು ಸರದಿಯ ಮೇಲೆ ಗುಡಿಸಬೇಕು. ಸರದಿಯ ಪುಟ್ಟ ಹಲಗೆ ನಿಮ್ಮ ಬಾಗಿಲಿಗೆ ಬಂದಾಗ ಯಾರಿಂದಲೂ ಹೇಳಿಸಿಕೊಳ್ಳದೆ ಪೊರಕೆ ಹಿಡಿಯಿರಿ. ಭಾನುವಾರ ಅಂಗಡಿ ತೆರೆಯುವುದಿಲ್ಲ, ಶನಿವಾರವೇ ಅಕ್ಕಿ ಬೇಳೆ ತಂದಿಟ್ಟುಕೊಳ್ಳಿ. ರಾತ್ರಿ ಹತ್ತರ ಮೇಲೆ ಗದ್ದಲ ಬೇಡ. ನಿಮ್ಮಿಂದಾಗಿ ಮುಂದಿನ ವರ್ಷ ಬರುವ ನಮ್ಮ ಇನ್ನೊಂದು ಮಗುವಿಗೆ ಆ ಮನೆಯ ಬಾಗಿಲು ಮುಚ್ಚಬಾರದು.

ಡಿಸೆಂಬರ್ ಬಂದಾಗ ಸಂಜೆ ನಾಲ್ಕೂವರೆಗೇ ಕತ್ತಲು ಕವಿಯುತ್ತದೆ. ಆಗ ಒಂಟಿತನ ಎದೆಯ ಮೇಲೆ ಬಂದು ಕೂರುತ್ತದೆ. ಇದಕ್ಕೆ ನಾಚಿಕೆ ಬೇಡ. ಅಮ್ಮನಿಗೆ ಫೋನ್ ಮಾಡಿ ಅಳಬೇಕೆನಿಸಿದರೆ ಅತ್ತುಬಿಡಿ. ಆದರೆ ಪ್ರತಿ ಸಂಜೆ ನಮ್ಮವರದೇ ಕೋಣೆಯಲ್ಲಿ ಕೂತು, ನಮ್ಮದೇ ಸಿನಿಮಾ ನೋಡಿ, ನಮ್ಮದೇ ಅನ್ನ ಸಾರು ಉಂಡು ದಿನ ಕಳೆದರೆ, ಹುಬ್ಬಳ್ಳಿಯಲ್ಲಿ ಇದ್ದಂತೆಯೇ ಆಯಿತು. ಅನ್ನ ಸಾರು ಮಾಡಿ, ಆದರೆ ಪಕ್ಕದ ಕೋಣೆಯ ಕೊರಿಯಾದ ಹುಡುಗನನ್ನೂ ಎದುರಿನ ಜರ್ಮನ್ ಹುಡುಗಿಯನ್ನೂ ಕರೆಯಿರಿ. ನನ್ನ ಜೊತೆ ಬಂದ ಹನ್ನೆರಡು ಮಕ್ಕಳಲ್ಲಿ ಇಂದಿಗೂ ಅಲ್ಲಿಯವರೊಂದಿಗೆ ಪತ್ರವ್ಯವಹಾರ ಉಳಿಸಿಕೊಂಡಿರುವವಳು ಒಬ್ಬಳೇ. ಎರಡನೆಯ ವಾರ ಜ್ವರ ಬಂದು ಪ್ಯಾರಿಸ್ಸಿಗೆ ಬರಲಾಗದೆ ತಾನಿದ್ದ ಮನೆಯ ಅಡುಗೆಮನೆಯಲ್ಲಿ ಉಳಿದವಳು ಅವಳು.

ಪ್ಯಾರಿಸ್ಸಿಗೆ ಹೋಗಲೇಬೇಡಿ ಎನ್ನುತ್ತಿಲ್ಲ. ಒಂದು ಸಲ ಹೋಗಿ, ಎರಡು ಸಲ ಹೋಗಿ. ಮಿಕ್ಕ ಶನಿವಾರಗಳನ್ನು ಟ್ಯೂಬಿಂಗನ್ನಿಗೆ ಬಿಡಿ. ಅಪ್ಪ ಹೊಲದ ಮೇಲೆ, ಮನೆಯ ಮೇಲೆ ಸಾಲ ಎತ್ತಿ ಕಳಿಸಿದ ಮಕ್ಕಳು ನಿಮ್ಮಲ್ಲಿದ್ದಾರೆ. ಆ ಸಾಲದ ದುಡ್ಡಿಗೆ ನೀವು ಕೊಡಬೇಕಾದ ಲೆಕ್ಕ ಇದು.

ಕೊನೆಗೊಂದು ಬೇಡಿಕೆ. ಇದನ್ನು ವಿನಿಮಯ ಎನ್ನುತ್ತೇವೆ. ನೀವು ಅಲ್ಲಿಗೆ ಹೋದಂತೆ ಅಲ್ಲಿಂದಲೂ ಒಬ್ಬರು ಇಲ್ಲಿಗೆ ಬರುತ್ತಾರೆ. ನಮ್ಮ ಕಾಲೇಜುಗಳಿಗೆ ಬಂದ ಎಷ್ಟೋ ವಿದೇಶಿ ಮಕ್ಕಳು ಹಂಪಿ, ಗೋವಾ ನೋಡಿ, ಒಂದು ಕನ್ನಡದ ಮನೆಯ ಹೊಸ್ತಿಲನ್ನೂ ದಾಟದೆ ಹಿಂದಿರುಗಿದ್ದನ್ನು ಕಂಡಿದ್ದೇನೆ. ನೀವು ಮರಳಿ ಬಂದ ಮೇಲೆ ಅಂಥ ಒಬ್ಬರನ್ನು ಹುಡುಕಿ ಮನೆಗೆ ಕರೆದುಕೊಂಡು ಹೋಗಿ. ನೆಲದ ಮೇಲೆ ಎಲೆ ಹಾಕಿ ಬಡಿಸಿ, ಕನ್ನಡದಲ್ಲೇ ಮಾತಾಡಿಸಿ. ಕಿಟೆಲ್ ಅವರ ನಿಘಂಟಿನ ಒಂದು ಪ್ರತಿ ನಿಮ್ಮ ಊರಿನ ಗ್ರಂಥಾಲಯದಲ್ಲಿದ್ದರೆ ಅದನ್ನು ತೆಗೆದು ಅವರ ಕೈಗೆ ಕೊಡಿ.