ಬ್ಯಾಟರಿಯ ಸುದ್ದಿ ದೂರದಿಂದಲೇ ತಿಳಿಯುವುದು ಹೇಗೆ?



ಹೊಲದ ಪಂಪ್‌ಸೆಟ್‌ಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದವರನ್ನು ಕುಮಾರಪಟ್ಟಣದ ಸುತ್ತಮುತ್ತ ನೀವು ನೋಡಿರುತ್ತೀರಿ. ಕರೆಂಟ್ ಬಂತೋ ಇಲ್ಲವೋ ಎಂಬುದು ಮನೆಯಲ್ಲೇ ತಿಳಿಯುತ್ತದೆ. ಬ್ಯಾಟರಿಯ ಸ್ಥಿತಿಯನ್ನೂ ಹೀಗೆಯೇ ತಿಳಿಯಬಹುದು. ಇದರ ಅಗತ್ಯ ಚೆನ್ನಾಗಿ ಅರ್ಥವಾಗುವುದು ದೋಣಿಯಲ್ಲಿ. ನಮ್ಮ ತುಂಗಭದ್ರೆಯ ಹರಿಗೋಲಿಗೆ ಬ್ಯಾಟರಿ ಬೇಕಿಲ್ಲ. ಕಡಲಿನ ಯಾಂತ್ರಿಕ ದೋಣಿಗೆ ಬೇಕೇ ಬೇಕು.

ದೋಣಿಗೆ ಏಕೆ?

ಇಂಜಿನ್ ಶುರು ಮಾಡಲು, ದೀಪ ಮತ್ತು ವೈರ್‌ಲೆಸ್‌ಗೆ ಬ್ಯಾಟರಿ ಬೇಕು. ಮಂಗಳೂರು, ಮಲ್ಪೆ ಮುಂತಾದ ಕರಾವಳಿಯಲ್ಲಿ ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದೆ. ದೋಣಿ ಸುಮ್ಮನೆ ನಿಂತರೂ ಬ್ಯಾಟರಿ ತಾನಾಗಿಯೇ ಇಳಿಯುತ್ತದೆ. ನೀರಲ್ಲೇ ಕಟ್ಟಿದ ದೋಣಿಗಳಲ್ಲಿ ಮಳೆನೀರು ತುಂಬಿದಾಗ ಹೊರಹಾಕುವ ಸ್ವಯಂಚಾಲಿತ ಪಂಪ್ ಇದ್ದರೆ, ಅದೂ ಓಡುವುದು ಬ್ಯಾಟರಿಯಿಂದಲೇ. ಬ್ಯಾಟರಿ ಖಾಲಿಯಾದರೆ ಪಂಪ್ ನಿಲ್ಲುತ್ತದೆ, ದೋಣಿಯೇ ಮುಳುಗಬಹುದು.

ಕೆಲಸ ಮಾಡುವ ರೀತಿ

ಬ್ಯಾಟರಿಗೆ ಒಂದು ಚಿಕ್ಕ ಪೆಟ್ಟಿಗೆ ಜೋಡಿಸುತ್ತಾರೆ. ಅದು ವೋಲ್ಟ್ ಅಳೆದು, ಒಳಗಿನ ಸಿಮ್ ಮೂಲಕ ಇಂಟರ್ನೆಟ್‌ನಲ್ಲಿ ಮಾಲೀಕರ ಮೊಬೈಲ್‌ಗೆ ಕಳಿಸುತ್ತದೆ. ನಾವು ಗೊತ್ತುಮಾಡಿದ ಅಂಕಿಗಿಂತ ಕೆಳಗಿಳಿದರೆ ಎಚ್ಚರಿಕೆ ಬರುತ್ತದೆ.

ಒಂದು ಮಾತು ನೆನಪಿಡಿರಿ. ಪೆಟ್ಟಿಗೆಯೂ ಅದೇ ಬ್ಯಾಟರಿಯಿಂದ ನಡೆಯುತ್ತದೆ. ಬ್ಯಾಟರಿ ಸತ್ತರೆ, ನೆಟ್‌ವರ್ಕ್ ಹೋದರೆ ಅದೂ ಮೌನವಾಗುತ್ತದೆ. ಆದ್ದರಿಂದ ಸುದ್ದಿ ಬರಲಿಲ್ಲ ಎಂದರೆ ಎಲ್ಲ ಸರಿಯಿದೆ ಎಂದಲ್ಲ. ದಿನಕ್ಕೊಮ್ಮೆ "ಸರಿಯಿದೆ" ಎಂಬ ಸಂದೇಶ ಬರಬೇಕು. ಬಾರದಿದ್ದರೆ ಯಾರಾದರೂ ಹೋಗಿ ನೋಡಬೇಕು. ಎರಡು ವಾರ ಸಭೆಗೆ ಬಾರದ ಸದಸ್ಯೆಯ ಮನೆಗೆ ನಾವು ಹೋಗಿ ವಿಚಾರಿಸುತ್ತೇವಲ್ಲ, ಹಾಗೆ.

ನಮಗೆ ಇದರಿಂದೇನು?

ನಮ್ಮಲ್ಲಿ ಕೆಲವರ ಮನೆಯಲ್ಲಿ ಸೋಲಾರ್ ದೀಪ, ಹೊಲಿಗೆ ಕೆಲಸಕ್ಕೆ ಇನ್ವರ್ಟರ್ ಇದೆ. ಸಂಘದ ಸಾಲದಿಂದ ಕೊಂಡದ್ದಾದರೆ, ಬ್ಯಾಟರಿ ಹಾಳಾದರೂ ಕಂತು ನಿಲ್ಲುವುದಿಲ್ಲ. ನಮಗೆ ಪೆಟ್ಟಿಗೆ ಬೇಕಿಲ್ಲ. ಸಂಘಕ್ಕೊಂದು ಮೀಟರ್ ಸಾಕು. ಚಾರ್ಜ್ ಮತ್ತು ಬಳಕೆ ಎರಡನ್ನೂ ನಿಲ್ಲಿಸಿ, ಕೆಲವು ತಾಸು ಬಿಟ್ಟು ಅಳೆಯಿರಿ. 12 ವೋಲ್ಟಿನ ಸೀಸದ ಬ್ಯಾಟರಿಯ ಅಂದಾಜು ಲೆಕ್ಕ ಹೀಗಿದೆ:

• 12.7 – ಪೂರ್ತಿ ತುಂಬಿದೆ
• 12.2 – ಅರ್ಧ ಉಳಿದಿದೆ, ಚಾರ್ಜ್ ಮಾಡಿರಿ
• 12ಕ್ಕಿಂತ ಕಡಿಮೆ – ತಡಮಾಡಬೇಡಿರಿ

ಖಾಲಿ ಬ್ಯಾಟರಿಯನ್ನು ಹಾಗೇ ಬಿಟ್ಟರೆ ಒಳಗಿನ ಫಲಕಗಳ ಮೇಲೆ ಲವಣ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನಂತೆ ನಿಲ್ಲುವುದಿಲ್ಲ. ನೀರು ಹಾಕುವ ಬ್ಯಾಟರಿಗೆ ಡಿಸ್ಟಿಲ್ಡ್ ನೀರನ್ನೇ ಹಾಕಿರಿ, ನಲ್ಲಿ ನೀರು ಬೇಡ. ಚಾರ್ಜ್ ಆಗುವಾಗ ಹೊತ್ತಿಕೊಳ್ಳುವ ಅನಿಲ ಬರುತ್ತದೆ. ಒಲೆ, ದೇವರ ದೀಪ ಹತ್ತಿರವಿರಬಾರದು. ಲಿಥಿಯಂ ಬ್ಯಾಟರಿಗೆ ಈ ಲೆಕ್ಕ ಹೊಂದುವುದಿಲ್ಲ.

ಚರ್ಚೆಗೆ

1. ನಮ್ಮ ಸಂಘದಲ್ಲಿ ಎಷ್ಟು ಮನೆಗಳಲ್ಲಿ ಬ್ಯಾಟರಿ ಇದೆ? ಯಾವಾಗ ಕೊಂಡದ್ದು?
2. ತಿಂಗಳಿಗೊಮ್ಮೆ ಅಳೆದು ಬರೆದಿಡುವ ಜವಾಬ್ದಾರಿ ಯಾರದು?
3. ಅಂಕಿ ಇಳಿದಾಗ ಯಾರಿಗೆ ಹೇಳಬೇಕು?

ಮುಂದಿನ ಸಭೆಗೆ ಉತ್ತರಗಳನ್ನು ಪುಸ್ತಕದಲ್ಲಿ ಬರೆದು ತನ್ನಿರಿ.