ತೆಂಗಿನ ನೆರಳಿನಲ್ಲಿ ಹೊಂಬಣ್ಣದ ಬಳ್ಳಿ

ಅಮ್ಮಸಂದ್ರದ ಸುತ್ತಣ ತೆಂಗಿನ ಸೀಮೆಯಲ್ಲಿ ಮನೆಯ ಮುಂದಿನ ಕುಂಡಗಳಲ್ಲಿ ಹೊಂಬಣ್ಣದ ಪಟ್ಟೆಗಳುಳ್ಳ ಎಲೆಗಳ ಬಳ್ಳಿಯನ್ನು ನೀವು ಕಂಡಿರಬಹುದು. ಜನ ಇದನ್ನು ಮನಿ ಪ್ಲಾಂಟ್ ಎನ್ನುತ್ತಾರೆ. ಸಸ್ಯಶಾಸ್ತ್ರದಲ್ಲಿ ಇದು ಎಪಿಪ್ರೆಮ್ನಮ್ ಆರಿಯಮ್. ಲ್ಯಾಟಿನ್ ಭಾಷೆಯಲ್ಲಿ ‘ಆರಿಯಮ್’ ಎಂದರೆ ಹೊನ್ನಿನದು. ಪೆಸಿಫಿಕ್ ಸಾಗರದ ಮೊರೇಯಾ ದ್ವೀಪ ಇದರ ತವರು. ನೆಲಕ್ಕೆ ಬಿಟ್ಟರೆ ಈ ಬಳ್ಳಿ ಗೆಣ್ಣುಗೆಣ್ಣಿಗೂ ಬೇರೂರಿ ಬರಿನೆಲವನ್ನು ಕಂಬಳಿಯಂತೆ ಮುಚ್ಚುವುದು. ಹಾಗಾದರೆ ತೋಟದ ತುಂಬ ಇದನ್ನೇ ಏಕೆ ಹಬ್ಬಿಸಬಾರದು?

ಮೊದಲು ಬಣ್ಣದ ವಿಚಾರ. ಬಿಸಿಲಿನ ಬಿಳಿಯ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಬೆರೆತಿವೆ. ಎಲೆಯ ಪತ್ರಹರಿತ್ತು ಅವುಗಳಲ್ಲಿ ನೀಲಿ ಮತ್ತು ಕೆಂಪು ಕಿರಣಗಳನ್ನು ಹೆಚ್ಚಾಗಿ ಹೀರಿ ಆಹಾರ ತಯಾರಿಸುವುದು. ಹಸುರು ಹೆಚ್ಚಾಗಿ ಹಿಂದಿರುಗುವುದು. ಹೊಂಬಣ್ಣದ ಪಟ್ಟೆಯಲ್ಲಿ ಪತ್ರಹರಿತ್ತು ಕಡಮೆ. ಅಲ್ಲಿನ ಕೆರೊಟಿನಾಯ್ಡುಗಳೆಂಬ ವರ್ಣದ್ರವ್ಯಗಳು ಮುಖ್ಯವಾಗಿ ನೀಲಿಯನ್ನು ಹೀರುವುವು. ಉಳಿದ ಕೆಂಪೂ ಹಸುರೂ ಕೂಡಿ ಕಣ್ಣಿಗೆ ಹಳದಿಯಾಗಿ ಕಾಣುವುದು. ಎಂದರೆ, ನಾವು ಮೆಚ್ಚುವ ಹೊನ್ನು ಎಲೆ ಬಳಸದೆ ಬಿಟ್ಟ ಬೆಳಕು. ಕತ್ತಲು ನೆರಳಿನಲ್ಲಿ ಹೊಸ ಎಲೆಗಳ ಹೊಂಬಣ್ಣ ಮಾಸುವುದು. ಸುಡುಬಿಸಿಲಿನಲ್ಲಿ ಎಲೆ ಕಮರುವುದು. ತೆಂಗಿನ ಗರಿಗಳ ನಡುವೆ ಸೋಸಿಬರುವ ಬೆಳಕು ಇದಕ್ಕೆ ಹಿತ.

ಇನ್ನು ನೀರಿನ ವಿಚಾರ. ಹೊದಿಕೆಯು ಬಿಸಿಲು ಗಾಳಿಗಳನ್ನು ತಡೆದು ಮಣ್ಣಿನ ತೇವ ಆವಿಯಾಗುವುದನ್ನು ಕುಗ್ಗಿಸುವುದು. ಆದರೆ ಜೀವಂತ ಹೊದಿಕೆ ತಾನೂ ನೀರನ್ನು ಹೀರಿ, ಎಲೆಗಳ ಸೂಕ್ಷ್ಮ ರಂಧ್ರಗಳಿಂದ ಆವಿಯಾಗಿ ಹೊರಬಿಡುವುದು. ಕೊಳವೆಬಾವಿಯನ್ನು ನಂಬಿದ ತೋಟಕ್ಕೆ ಬೇಸಗೆಯಲ್ಲಿ ಇದು ಸಣ್ಣ ಸಂಗತಿಯಲ್ಲ. ಒಣಗರಿ, ಕಾಯಿಮಟ್ಟೆಗಳು ನೆಲವನ್ನು ಮುಚ್ಚಿಯೂ ನೀರು ಕುಡಿಯುವುದಿಲ್ಲ. ಮಳೆಗಾಲಕ್ಕೆ ಹಸುರು ಹೊದಿಕೆ ಬೇಕಾದರೆ ಅಲಸಂದೆ, ಹುರುಳಿ ಮೇಲು. ಅವುಗಳ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಗೊಬ್ಬರವಾಗಿಸುವುವು. ಮನಿ ಪ್ಲಾಂಟಿನಲ್ಲಿಯಾದರೋ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ. ದನಕರು ಮೇದರೆ ಬಾಯಿ ಉರಿದು ಊದುವುದು. ಮರ ಸಿಕ್ಕಿದರೆ ಅದು ಕಾಂಡವನ್ನೂ ಏರುವುದು.

ಆದುದರಿಂದ ಈ ಬಳ್ಳಿ ದನಗಳು ಬಾರದ ಅಂಗಳದ ಮೂಲೆಗೆ ತಕ್ಕದ್ದು. ಮುಂಗಾರಿನಲ್ಲಿ ಎರಡು ಮೂರು ಗೆಣ್ಣುಗಳ ತುಂಡುಗಳನ್ನು, ಒಂದು ಗೆಣ್ಣು ಮಣ್ಣಿನೊಳಗಿರುವಂತೆ, ಅಡಿಗೊಂದರಂತೆ ನೆಟ್ಟರೆ ಸಾಕು.

ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. ತೂತಿಲ್ಲದ ಮೂರು ಸಮಾನ ಡಬ್ಬಿಗಳಲ್ಲಿ ಒಂದೇ ತೂಕದ ಮಣ್ಣನ್ನೂ ನೀರನ್ನೂ ಹಾಕಿ. ಒಂದನ್ನು ತೆರೆದಿಡಿ, ಇನ್ನೊಂದಕ್ಕೆ ಗರಿಯ ಚೂರು ಹೊದಿಸಿ, ಮತ್ತೊಂದರಲ್ಲಿ ಬೇರುಬಿಟ್ಟ ಬಳ್ಳಿಯನ್ನು ನೆಡಿ. ಹತ್ತು ದಿನ ಪ್ರತಿನಿತ್ಯ ತೂಗಿ. ಕಡಮೆಯಾದ 1 ಗ್ರಾಂ ತೂಕವೆಂದರೆ ಸುಮಾರು 1 ಮಿಲಿಲೀಟರ್ ನೀರು ಹೋಯಿತೆಂದು ತಿಳಿಯಿರಿ. ಯಾವ ಡಬ್ಬಿ ನೀರನ್ನು ಹೆಚ್ಚು ದಿನ ಉಳಿಸಿಕೊಂಡಿತೆಂಬುದನ್ನು ತೋಟದ ಹಿರಿಯರಿಗೂ ತೋರಿಸಿ.