ವೀಸಾ ಸಾಲದ ಲೆಕ್ಕ

ಕೊಲ್ಲಿ ರಾಷ್ಟ್ರಗಳಿಗೆ ಗಾರೆ, ಸೆಂಟ್ರಿಂಗ್, ಕಂಬಿ ಕಟ್ಟುವ ಕೆಲಸಗಳಿಗೆ ಹೋಗುವ ಭಾರತೀಯ ಕಾರ್ಮಿಕರ ಆದಾಯವನ್ನು ಅಳೆಯುವಾಗ ಅಲ್ಲಿನ ಸಂಬಳವನ್ನು ರೂಪಾಯಿಗೆ ಪರಿವರ್ತಿಸಿ ನೋಡುವುದೇ ರೂಢಿಯಾಗಿದ್ದು, ಆ ಕೆಲಸ ಹಿಡಿಯಲು ಊರಿನಲ್ಲಿ ಮಾಡಿದ ಸಾಲ ಲೆಕ್ಕದ ಹೊರಗೇ ಉಳಿಯುತ್ತದೆ. ವಲಸೆಯ ಲಾಭ-ನಷ್ಟವನ್ನು ಬಹುಪಾಲು ನಿರ್ಧರಿಸುವುದು ಈ ಸಾಲವೇ.

ಕತಾರಿನಲ್ಲಿ 2021ರ ಮಾರ್ಚ್‌ನಿಂದ ತಿಂಗಳಿಗೆ 1,000 ರಿಯಾಲ್ ಕನಿಷ್ಠ ಮೂಲ ವೇತನ ಕಡ್ಡಾಯವಾಗಿದ್ದು, ಕಂಪನಿಯೇ ಒದಗಿಸದಿದ್ದಲ್ಲಿ ವಸತಿಗೆ 500, ಊಟಕ್ಕೆ 300 ರಿಯಾಲ್ ಸೇರಿಸಿ ಕೊಡಬೇಕು. ಕಾರ್ಮಿಕನ ವಾಸದ ಪರವಾನಗಿಯನ್ನು ಮಾಲೀಕನ ಪ್ರಾಯೋಜಕತ್ವಕ್ಕೆ ಕಟ್ಟಿಹಾಕುವ ಕಫಾಲಾ ಪದ್ಧತಿಯೂ ಸಡಿಲಗೊಂಡು, ಮಾಲೀಕನ ಒಪ್ಪಿಗೆ ಪತ್ರವಿಲ್ಲದೆ ಕೆಲಸ ಬದಲಿಸಲು 2020ರಲ್ಲಿ ಕಾನೂನು ಅವಕಾಶ ಕೊಟ್ಟಿತು. ಕಾರ್ಮಿಕನಿಂದ ನೇಮಕಾತಿ ಶುಲ್ಕ ಪಡೆಯುವುದನ್ನು ಅಲ್ಲಿನ ಕಾರ್ಮಿಕ ಕಾನೂನು ನಿಷೇಧಿಸಿದೆ. ಆದರೆ ವಸೂಲಿ ನಡೆಯುವುದು ಇಲ್ಲಿ. ಭಾರತದ ನಿಯಮದಂತೆ ನೋಂದಾಯಿತ ಏಜೆಂಟ್ ಗರಿಷ್ಠ 30,000 ರೂಪಾಯಿ, ಶೇ 18ರ ಜಿಎಸ್‌ಟಿ ಸೇರಿದರೆ 35,400 ರೂಪಾಯಿ, ಸೇವಾ ಶುಲ್ಕ ಪಡೆಯಬಹುದಾಗಿದ್ದು, 'ವೀಸಾ ದುಡ್ಡು' ಎಂದು ರಸೀದಿಯಿಲ್ಲದೆ ಕೈಬದಲಾಗುವ ಮೊತ್ತ ಇದನ್ನು ಎಷ್ಟೋ ಮೀರುತ್ತದೆ.

ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಯಂತೆ 1,20,000 ರೂಪಾಯಿ ಕೈಸಾಲ ಮಾಡಿ ಹೋದವನು ಪ್ರತಿ ತಿಂಗಳು ತಪ್ಪದೆ 5,000 ರೂಪಾಯಿ ಕಟ್ಟುತ್ತಾನೆಂದು ಭಾವಿಸಿದರೆ, ಮೊದಲ ಕಂತಿನಲ್ಲಿ 3,600 ರೂಪಾಯಿ ಬಡ್ಡಿಗೇ ಹೋಗಿ ಅಸಲಿಗೆ ಸಲ್ಲುವುದು 1,400 ಮಾತ್ರ. ಎರಡು ವರ್ಷದ ಕರಾರು ಮುಗಿದಾಗಲೂ ಸುಮಾರು 72,000 ರೂಪಾಯಿ ಬಾಕಿ ಇರುತ್ತದೆ. ಅದೇ ಬಡ್ಡಿ, ಅದೇ ಕಂತಿನಲ್ಲಿ 35,400 ರೂಪಾಯಿಯ ಸಾಲ ಎಂಟು ತಿಂಗಳಿಗೆ ಬಹುತೇಕ ತೀರುತ್ತದೆ. ಕರಾರು ಮುಗಿದರೂ ಹಿಂದಿರುಗಲಾಗದ, ಸಂಬಳ ತಡವಾದರೂ ದೂರು ಕೊಡಲು ಹೆದರುವ ಸ್ಥಿತಿಯ ಬೇರು ಇರುವುದು ಇಲ್ಲಿಯೇ. ಇದು ಕಾರ್ಮಿಕನ ಅವಿವೇಕವಲ್ಲ, ಅವನ ಮೇಲೆ ನಡೆಯುವ ಅನ್ಯಾಯ.

ಈ ಅಂಕಣಕಾರನ ಅಣ್ಣ ಗಾರೆ ಕೆಲಸಕ್ಕೆ ದೋಹಾದಲ್ಲಿದ್ದ ಕಾಲದಲ್ಲಿ ಅತ್ತಿಗೆ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬಂದ ಹಣ, ಹೋದ ಹಣ ಬರೆದಿಡುತ್ತಿದ್ದು, ಅಕ್ಕಿ, ಸ್ಕೂಲ್ ಫೀಸು, ಔಷಧಿಗಳ ನಡುವೆ ಬಡ್ಡಿಯೂ ಮನೆಖರ್ಚಿನ ಒಂದು ಬಾಬತ್ತಾಗಿ ಸೇರಿಹೋಗಿತ್ತು. ಬಡ್ಡಿಯನ್ನು ಬೇರೆ ಸಾಲಿನಲ್ಲಿ ಬರೆದ ಬಳಿಕವೇ ಮೊದಲು ಅಡವಿಟ್ಟ ಸರ ಬಿಡಿಸಿಕೊಳ್ಳುವುದೋ, ಕೈಸಾಲ ತೀರಿಸುವುದೋ ಎಂಬ ಪ್ರಶ್ನೆಗೆ ಉತ್ತರ ದೊರೆಯಿತು: ಚಿನ್ನದ ಸಾಲಕ್ಕೆ ಬ್ಯಾಂಕಿನ ಬಡ್ಡಿ ಕಡಿಮೆಯಾದ್ದರಿಂದ ಕೈಸಾಲವೇ ಮೊದಲು.

ಕರಾರಿನಲ್ಲಿ ಒಟ್ಟು ಸಂಬಳಕ್ಕಿಂತ ಮೂಲ ವೇತನವನ್ನು ಗಮನಿಸಬೇಕು. ಕತಾರಿನಲ್ಲಿ ಹೆಚ್ಚುವರಿ ಅವಧಿಯ ಕೂಲಿಗೆ ಕನಿಷ್ಠ ಶೇ 25ರ ಹೆಚ್ಚಳ ಸೇರುವುದೂ, ಒಂದು ವರ್ಷ ದುಡಿದವನಿಗೆ ಬಿಡುವಾಗ ವರ್ಷಕ್ಕೆ ಕನಿಷ್ಠ ಮೂರು ವಾರದ ಲೆಕ್ಕದಲ್ಲಿ ಸಿಗುವ ಗ್ರಾಚ್ಯುಟಿ, ಅಂದರೆ ಸೇವಾಂತ್ಯದ ಇಡಿಗಂಟು, ನಿರ್ಧಾರವಾಗುವುದೂ ಅದರ ಮೇಲೆಯೇ.

ಹತ್ತನೇ ತರಗತಿ ಪಾಸಾಗದವರಿಗೆ ಸಾಮಾನ್ಯವಾಗಿ ದೊರೆಯುವ ಇಸಿಆರ್ ಪಾಸ್‌ಪೋರ್ಟ್, ಅಂದರೆ ನಿಗದಿತ ದೇಶಗಳಿಗೆ ಕೆಲಸಕ್ಕೆ ಹೊರಡುವ ಮುನ್ನ ಸರ್ಕಾರದ ವಲಸೆ ಅನುಮತಿ ಬೇಡುವ ಪಾಸ್‌ಪೋರ್ಟ್ ಉಳ್ಳವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯವಾಗಿದ್ದು, ಅಪಘಾತದಲ್ಲಿ ಮರಣ ಅಥವಾ ಶಾಶ್ವತ ಅಂಗವೈಕಲ್ಯ ಸಂಭವಿಸಿದರೆ 10 ಲಕ್ಷ ರೂಪಾಯಿ ದೊರೆಯುತ್ತದೆ. ಪಾಲಿಸಿ ಕಾರ್ಮಿಕನ ಪೆಟ್ಟಿಗೆಯಲ್ಲಿ ದೋಹಾ ಸೇರಿದರೆ ಹಕ್ಕು ಕೇಳಬೇಕಾದ ಮನೆಯವರಿಗೆ ಅದು ಇರುವುದೇ ತಿಳಿಯದಿರುವುದರಿಂದ, ಅದರ ಒಂದು ನಕಲನ್ನು ಕರಾರಿನ ನಕಲಿನೊಂದಿಗೆ ನಾಮಿನಿಯ ಕೈಯಲ್ಲಿಟ್ಟೇ ವಿಮಾನ ಹತ್ತಬೇಕು.